ಬೇಸುರ ಗಂಧರ್ವನ ಬಲಗಿವಿ

ಡೇರೆಯೊಳಗೆ ಕಾಲಿಡುವ ಮೊದಲೇ ಜಗದೇವಪ್ಪ ಸಿನಿಮಾ ಹೊಲಸು ಎಂದು ತೀರ್ಮಾನಿಸಿಬಿಟ್ಟಿದ್ದ. ಉಳಿದದ್ದು ನೋಡುವುದೊಂದೇ.

ಯಾದಗಿರಿಯ ರೈಲು ನಿಲ್ದಾಣದ ಪಕ್ಕದ ಬಯಲಿನಲ್ಲಿ ಡೇರೆ ಎದ್ದಿತ್ತು. ಶಹಾಪುರ, ಸುರಪುರದ ಅರ್ಧ ಜನ ಅಲ್ಲೇ ಇದ್ದರು. ಎಲ್ಲರೂ ‘ಬೇಸುರ ಗಂಧರ್ವ’ ಕಾದಂಬರಿಯ ಹುಚ್ಚರು. ಅಪಸ್ವರ ಹಾಡಿ ದೇವಲೋಕದಿಂದ ಒದೆಸಿಕೊಂಡು ಭೂಮಿಗೆ ಬಿದ್ದ ಗಂಧರ್ವನ ಕಥೆ ಅದು. ಬಲಗಿವಿ ಹಿಂಡಿದರೆ ಹಾರುತ್ತಾನೆ. ಎಡಗಿವಿ ಹಿಂಡಿದರೆ ಸೀನುತ್ತಾನೆ. ಸೀನಿದರೆ ಎದುರಿಗಿದ್ದವರು ಕತ್ತೆಯಾಗುತ್ತಾರೆ.

ಪುಸ್ತಕ ಧಾರವಾಡದ ಕಡೆಯಿಂದ ಬಂದದ್ದು. ಆದರೆ ಈ ಸೀಮೆಗೆ ಅದನ್ನು ಓದಿ ಹೇಳಿದವನು ಜಗದೇವಪ್ಪ. ಶಹಾಪುರದ ತನ್ನ ಅರಿವೆ ಅಂಗಡಿಯ ಕಟ್ಟೆಯ ಮೇಲೆ ಅವನು ಓದುತ್ತಿದ್ದರೆ ಜನ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಈಗ ಅದೇ ಜನ ಕಾಗದದ ಉದ್ದ ಕಿವಿ ಕಟ್ಟಿಕೊಂಡು, ಯಾವುದೋ ಮುಂಬೈ ಕಂಪನಿಯ ಹಿಂದೂಸ್ತಾನಿ ಸಿನಿಮಾಕ್ಕೆ ಕುಣಿಯುತ್ತ ಬಂದಿದ್ದರು. ಕತ್ತೆಯಾಗಲು ಇವರಿಗೆ ಗಂಧರ್ವನ ಸೀನೂ ಬೇಕಿಲ್ಲ ಎಂದುಕೊಂಡ. ಒಳಗೆ ಮಾತ್ರ ಅಳುಕಿತ್ತು. ಪರದೆಯ ಮೇಲೆ ಗಂಧರ್ವ ಹಾರಿಬಿಟ್ಟರೆ ನಾಳೆ ತನ್ನ ಕಟ್ಟೆಗೆ ಯಾರು ಬರುತ್ತಾರೆ?

ಈ ಹುಚ್ಚರಲ್ಲಿ ಮೊದಲಿಗ ಅಕ್ಕನ ಮಗ ಭೀಮರಾಯ, ಸುರಪುರದವನು. ತನ್ನ ಮಗಳು ಅನ್ನಮ್ಮ ಅವನಿಗೇ ಎಂದು ತೊಟ್ಟಿಲಲ್ಲೇ ಮಾತಾಗಿತ್ತು. ಅವಳಿಗೂ ಅವನೆಂದರೆ ಜೀವ. ಹೋದ ವಾರ ಅವನು ಕಟ್ಟೆಯ ಮೇಲೆ ಎಲ್ಲರೆದುರು, “ಸಿನಿಮಾ ನಿಮ್ಮ ಓದಿಗಿಂತ ಛಲೋ ಇರ್ತದ ನೋಡ್ರಿ ಮಾವ,” ಅಂದಿದ್ದ. ಜಗದೇವಪ್ಪನ ಮೈ ಉರಿದುಹೋಯಿತು.

“ಪುಸ್ತಕದಾಗ ಇದ್ದಂಗ ಬಂದಿದ್ರ ಬರೋ ಐತವಾರನ ಎಲಿ ಅಡಿಕಿ ಹಿಡಿದು ಮದುವಿ ಮಾತು ಪಕ್ಕಾ ಮಾಡೋಣು. ಒಂದು ಕಿವಿ ಹೆಚ್ಚುಕಡಿಮಿ ಆಗಿದ್ರೂ ನನ್ನ ಹೊಸ್ತಿಲಾ ತುಳಿಬ್ಯಾಡ,” ಎಂದುಬಿಟ್ಟಿದ್ದ.

ಈಗ ಅನ್ನಮ್ಮ ಹೆಂಗಸರ ಸಾಲಿನಲ್ಲಿ ಸೋದರತ್ತೆಯ ಪಕ್ಕ ಮುಖ ಸಣ್ಣದು ಮಾಡಿಕೊಂಡು ನಿಂತಿದ್ದಳು.

ಮುಂಬಾಗಿಲಲ್ಲಿ ನೂಕುನುಗ್ಗಲು. ಭೀಮರಾಯ ಅದರಲ್ಲೇ ತೂರಿಕೊಂಡ. ಕುರಿ, ಎಂದುಕೊಂಡ ಜಗದೇವಪ್ಪ. ಸಿನಿಮಾವನ್ನು ತಾನೂ ಎಂದೂ ಕಂಡವನಲ್ಲ. ಆದರೆ ಮುಂದೆ ಕೂಡುವವರು ಕೂಲಿಯವರು, ಹಿಂದೆ ಕೂಡುವವರು ತಹಸೀಲ್ದಾರರು ಎಂದು ಕೇಳಿ ಬಲ್ಲ.

“ನನಗ ಹಿಂದ ಕೊಡು,” ಅಂದ ಟಿಕೀಟಿನವನಿಗೆ.

ಅವನು ಇವನ ರುಮಾಲು, ಇಸ್ತ್ರಿ ಮಾಡಿದ ಕೋಟು ನೋಡಿದ. “ಹಿಂದಂದ್ರ... ಹಿಂದನ ಏನ್ರಿ ಸಾವಕಾರ್ರ?”

“ಎರಡೆರಡು ಸಲ ಹೇಳಸಬ್ಯಾಡ. ನಮ್ಮಂಥವರು ಮುಂದ ಕೂಡ್ತಾರೇನು?”

“ನಿಮ್ಮ ಮರ್ಜಿ,” ಎಂದು ಅವನು ಡೇರೆಯ ಆಚೆ ಬದಿಯ ಸಣ್ಣ ಬಾಗಿಲು ತೋರಿಸಿದ.

ಒಳಗೆ ತಂಪಾಗಿತ್ತು. ಆಳೊಬ್ಬ ಬಕೀಟಿನಿಂದ ನೀರು ಎರಚಿ ಪರದೆಯ ಬಟ್ಟೆ ತೋಯಿಸುತ್ತಿದ್ದ. ಕುರ್ಚಿಯಿಲ್ಲ, ಬರೀ ಚಾಪೆ. ದೊಡ್ಡವರಿಗೆ ಕಂಪನಿ ಕೊಡುವ ಮರ್ಯಾದೆ ಇಷ್ಟು! ಆದರೂ ಗುಂಪಿನ ಗದ್ದಲವೆಲ್ಲ ಆಚೆಗೇ ಉಳಿದಿತ್ತು. ಇಲ್ಲಿದ್ದವರು ಬೆರಳೆಣಿಕೆಯ ಜನ. ಅವರಲ್ಲಿ ಅತ್ತರಿನ ಸುಲ್ತಾನಸಾಬನೂ ಇದ್ದ. ಯಾದಗಿರಿಯ ಭಾರಿ ಆಸಾಮಿ. ಜಿಪುಣನೆಂದರೆ, ಅತ್ತರು ಮಾರಿದ ಮೇಲೆ ಕೈಯಲ್ಲುಳಿದ ವಾಸನೆಯನ್ನೂ ಯಾರಿಗೂ ಬಿಟ್ಟುಕೊಡದವನು. ಅವನೇ ಇಲ್ಲಿ ಕೂತಿದ್ದಾನೆಂದರೆ ಜಾಗ ಸರಿಯಾದದ್ದೇ. ಜಗದೇವಪ್ಪ ಸಮಾಧಾನದಿಂದ ಅವನ ಮಗ್ಗುಲಲ್ಲಿ ಕೂತ.

ದೀಪ ಆರಿತು, ಪರದೆ ಬೆಳಗಿತು. ಮೊದಲು ಉರ್ದು ಅಕ್ಷರಗಳು ಬಂದವು. ಜಗದೇವಪ್ಪ ನಿಜಾಮ ಸರ್ಕಾರದ ಮದರಸಾ ಶಾಲೆಯಲ್ಲಿ ಉರ್ದುವಿನಲ್ಲೇ ಪಾಸಾದವನು. ಆದರೂ ಒಂದಕ್ಷರವೂ ತಲೆಗೆ ಹತ್ತಲಿಲ್ಲ.

“ಅಲಿಫ್ ಬೇ ಬರೀಲಾಕ ಬರಂಗಿಲ್ಲ, ಸಿನಿಮಾ ತೆಗೀತಾರ,” ಎಂದು ಗೊಣಗಿದ.

ಗಂಧರ್ವ ಬಂದ. ಎಡಗೈಯಿಂದ ಹೋಳಿಗೆ ಮುರಿದು ಬಾಯಿಗಿಟ್ಟುಕೊಂಡ. ರಾಜ ಎಡಗೈ ಎತ್ತಿ ಆಶೀರ್ವಾದ ಮಾಡಿದ. ಥೂ! ಉಣ್ಣುವ ಕೈ ಯಾವುದು, ತೊಳೆಯುವ ಕೈ ಯಾವುದು ಎಂಬುದೂ ಈ ಮುಂಬೈಯವರಿಗೆ ತಿಳಿಯದು.

ಕೊನೆಗೆ ಎಲ್ಲರೂ ಕಾದಿದ್ದ ಗಳಿಗೆ. ಮಜ್ಜಿಗೆ ಮಾರುವ ಮುದುಕಿ ಗಂಧರ್ವನ ಕಿವಿ ಹಿಂಡಿದಳು. ಎಡಗಿವಿ! ಗಂಧರ್ವ ಸೀನಲಿಲ್ಲ. ಹಾರಿದ.

ಆಚೆಯಿಂದ ಸೀಟಿ, ಚಪ್ಪಾಳೆ. ಜಗದೇವಪ್ಪನಿಗೆ ಹಾಲು ಕುಡಿದಷ್ಟು ಸಂತೋಷವಾಯಿತು. ಕಥೆಯ ಬುಡವನ್ನೇ ಕಡಿದಿದ್ದಾರೆ! ತನ್ನ ಕಟ್ಟೆ ಉಳಿಯಿತು. ಆಮೇಲೆ ಅನ್ನಮ್ಮ ನೆನಪಾದಳು, ಸಂತೋಷ ಅರ್ಧಕ್ಕಿಳಿಯಿತು. ಆದರೆ ಕೊಟ್ಟ ಮಾತು ಕೊಟ್ಟದ್ದೇ.

ಆಟ ಬಿಟ್ಟ ಮೇಲೆ ಬಯಲಲ್ಲಿ ಭೀಮರಾಯನನ್ನು ತಡೆದು ನಿಲ್ಲಿಸಿದ. “ಎಡಗಿವಿ ಹಿಂಡ್ಯಾಳ ಮುದುಕಿ! ಮುಗೀತು ನಿನ್ನ ಮದುವಿ ಮಾತು.”

“ಬಲಗಿವಿರಿ ಮಾವ. ಕಣ್ಣಾರೆ ನೋಡೀನಿ.”

“ಎಡಗೈಲೆ ಹೋಳಿಗಿ ತಿಂದಾನಲ್ಲೋ!”

“ಎಲ್ಲಿ ತಿಂದಾನ್ರಿ? ನಿಮಗೇನು ಎಡಾ ಬಲಾ ತಿಳಿವಲ್ದೇನು?”

ಕಾಗದದ ಕಿವಿಯ ಮಂದಿಯೆಲ್ಲ ಸುತ್ತ ಸೇರಿ “ಬಲಗಿವಿ, ಬಲಗಿವಿ” ಎಂದು ಕೂಗಿದರು. ಅನ್ನಮ್ಮ ಕಣ್ಣು ತುಂಬಿಕೊಂಡು ಮುಂದೆ ಬಂದಳು. “ಅಪ್ಪಾ, ನಾನೂ ಬಲಗಿವಿನ ನೋಡೀನಿ.”

“ನೀ ಅವನ ಕಡೀಗೆ ಹೇಳಾಕಿನ ಬಿಡು.” ಜಗದೇವಪ್ಪ ಸುತ್ತ ಕಣ್ಣಾಡಿಸಿದ. ಸುಲ್ತಾನಸಾಬ ಚಪ್ಪಲಿ ಸವೆಯಬಾರದೆಂದು ಅವನ್ನು ಕೈಯಲ್ಲಿ ಹಿಡಿದು ಹೊರಟಿದ್ದ. “ಸಾಬ್ರು ನನ್ನ ಮಗ್ಗಲದಾಗ ಕೂತಿದ್ರು, ಅವರ ಹೇಳಲಿ. ನನ್ನ ಕಣ್ಣು ತಪ್ಪಂದ್ರ, ಇಷ್ಟು ಮಂದೀ ಮುಂದ ಹೇಳಾಕತ್ತೀನಿ, ಐತವಾರನ ಎಲಿ ಅಡಿಕಿ. ಹೇಳ್ರಿ ಸಾಬ್ರ, ಯಾವ ಕಿವಿ?”

“ಎಡಗಿವಿನ ಕಂಡದ್ದು,” ಅಂದ ಸುಲ್ತಾನಸಾಬ.

ಜಗದೇವಪ್ಪ ಎದೆ ಉಬ್ಬಿಸಿ ನಿಂತ. ಅನ್ನಮ್ಮ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು.

“ಅಲ್ಲರಿ ಸಾವಕಾರ್ರ,” ಸುಲ್ತಾನಸಾಬ ನಕ್ಕ, “ಪರದಾದ ಹಿಂದ ಕೂತು ನೋಡಿದ್ರ ಎಲ್ಲಾ ಉಲ್ಟಾನ ಅಲ್ಲೇನು? ಅರ್ಧ ಟಿಕೀಟಿಗೆ ಬಲಗಿವಿ ಎಲ್ಲಿಂದ ಬರ್ತದ?”