ಸಂಬಂಧವಿದ್ದರೆ ತಿಳಿಸಿ

“ಇಂದು ಅಹವಾಲು ಹೇಳಲು ಬಂದಿರುವವರ ಜೊತೆ ಸದಸ್ಯರಲ್ಲಿ ಯಾರಿಗಾದರೂ ಸಂಬಂಧವಿದ್ದರೆ ಈಗಲೇ ತಿಳಿಸಬೇಕು. ಅಂಥವರು ಹೊರಗೆ ಹೋಗಬೇಕು, ಮತ ಹಾಕುವಂತಿಲ್ಲ” ಎಂದು ಅಧ್ಯಕ್ಷರು ಎಂದಿನಂತೆ ಓದಿ, ಎಂದಿನಂತೆ ಉತ್ತರಕ್ಕೂ ಕಾಯದೆ ಹಾಳೆ ಮಗುಚಿದರು. ಬೌದ್ಧಿಕ ಆಸ್ತಿ ನೀತಿಯ ಸಾರ್ವಜನಿಕ ಸಲಹಾ ಸಮಿತಿ ಶುರುವಾದಾಗಿನಿಂದ ಈ ಮಾತಿಗೆ ಒಬ್ಬರೂ ತುಟಿ ಪಿಟಕ್ಕೆಂದಿರಲಿಲ್ಲ. ಇಂದು ಮಾತ್ರ ಸದಸ್ಯೆ ಗೊಂಬೆಯಕ್ಕ ಕುರ್ಚಿಯಲ್ಲಿ ಮಿಸುಕಾಡಿದಳು. ಸಣ್ಣ ತಯಾರಕರ ಪರವಾಗಿ ಮಾತಾಡಲು ಬಂದು, ತೊಡೆಯ ಮೇಲೆ ಚೀಲ ಇಟ್ಟುಕೊಂಡು ಬಾಗಿಲ ಬಳಿ ಕೂತಿದ್ದವನು ಅವಳ ಒಡಹುಟ್ಟಿದ ತಮ್ಮ.

ಗೊಂಬೆಯಕ್ಕ ಮರದ ಆಟಿಕೆ ಮಾಡುವವಳು. ದಾರ ಹಿಡಿದು ಎಳೆದರೆ ಕತ್ತು ಆಡಿಸುತ್ತ ಉರುಳಿಕೊಂಡು ಬರುವ ಅವಳ ಬಾತುಕೋಳಿಯನ್ನು ಎಳೆಯದ ಮಗುವೇ ಆ ಊರಿನಲ್ಲಿರಲಿಲ್ಲ. ಅವಳ ಬಳಿಯೇ ಕೆಲಸ ಕಲಿಯುತ್ತಿದ್ದ ತಮ್ಮ ಒಂದು ದಿನ ಹೇಳದೆ ಕೇಳದೆ ಹೊರಟುಹೋಗಿ, ಪಕ್ಕದ ಬೀದಿಯಲ್ಲೇ ಅಂಗಡಿ ತೆರೆದು, ಅದೇ ಬಾತುಕೋಳಿಗೆ ಕೆಂಪು ಬಣ್ಣ ಬಳಿದು ಅರ್ಧ ಬೆಲೆಗೆ ಮಾರತೊಡಗಿದ್ದ. ಅಂದು ಬಿಟ್ಟ ಮಾತು ಇನ್ನೂ ಕೂಡಿರಲಿಲ್ಲ. ದಾರಿಯಲ್ಲಿ ಎದುರಾದರೆ ಇವಳು ಆಕಾಶ ನೋಡುತ್ತಿದ್ದಳು, ಅವನು ತನ್ನ ಚಪ್ಪಲಿ ನೋಡುತ್ತಿದ್ದ. ಹೊಸ ವಿನ್ಯಾಸ ಮಾಡಿದವರಿಗೆ ಹದಿನೈದು ವರ್ಷವಾದರೂ ನಕಲಿನಿಂದ ರಕ್ಷಣೆ ಸಿಗಬೇಕೆಂಬ ಒಂದೇ ಹಟಕ್ಕೆ ಅವಳು ಈ ಸಮಿತಿಗೆ ಸೇರಿದ್ದು. ಐದೇ ವರ್ಷ ಸಾಕು, ಆಮೇಲೆ ಯಾರು ಬೇಕಾದರೂ ಮಾಡಿಕೊಳ್ಳಲಿ ಎನ್ನುವವರು ಇನ್ನೊಂದು ಕಡೆ. ಇವಳನ್ನು ಬಿಟ್ಟರೆ ಎರಡೂ ಕಡೆ ತಲೆ ಸಮಸಮ. ಇವಳ ಮತವೇ ನಿರ್ಣಾಯಕ. ಇವಳೊಬ್ಬಳು ಎದ್ದು ಹೋದರೆ ತೀರ್ಮಾನ ಅಧ್ಯಕ್ಷರದು, ಅವರ ಒಲವೋ ಐದರ ಕಡೆಗೆ.

ಸುಮ್ಮನಿದ್ದುಬಿಡಲೇ ಎಂದುಕೊಂಡಳು. ಮಾತೇ ಇಲ್ಲದ ಮೇಲೆ ಎಂಥ ಸಂಬಂಧ? ಇಲ್ಲಿ ಯಾರಿಗೂ ಗೊತ್ತಿಲ್ಲ, ಅವನ ತಲೆ ಬೋಳಾದ ಮೇಲಂತೂ ಹೋಲಿಕೆಯೂ ಉಳಿದಿಲ್ಲ. ಅಷ್ಟರಲ್ಲಿ ತಮ್ಮ ತಲೆ ಎತ್ತಿದ. ಕಣ್ಣಿಗೆ ಕಣ್ಣು ಸೇರಿದ್ದೇ ತಡ, ಮತ್ತೆ ಚಪ್ಪಲಿ ನೋಡತೊಡಗಿದ. ಸಕ್ಕರೆ ಡಬ್ಬಿಯಲ್ಲಿ ಕೈಯಿಟ್ಟು ಸಿಕ್ಕಿಬಿದ್ದಾಗ ಚಿಕ್ಕಂದಿನಲ್ಲಿ ಹೀಗೇ ನೆಲ ನೋಡುತ್ತಿದ್ದ. ಗೊಂಬೆಯಕ್ಕನಿಗೆ ತಡೆಯಲಾಗಲಿಲ್ಲ.

“ನನಗೆ ಸಂಬಂಧ ಇದೆ ಸರ್. ಅವನು ನನ್ನ ತಮ್ಮ” ಎಂದಳು. ಅವಳ ಪಕ್ಷದವರೆಲ್ಲ ಒಟ್ಟಿಗೆ ಉಸ್ಸೆಂದರು.

ತಮ್ಮ ದಡಕ್ಕನೆ ಎದ್ದ. “ಸುಳ್ಳು ಸರ್! ನಂಗೂ ಇವರಿಗೂ ಏನೇನೂ ಸಂಬಂಧ ಇಲ್ಲ. ಮಾತಾಡಿ ವರ್ಷಗಳೇ ಆದ್ವು. ಅವರು ಕೂತ್ಕೊಳ್ಳಲಿ, ವೋಟು ಹಾಕ್ಲಿ.”

“ಅವರ ವೋಟು ನಿಮಗೇ ವಿರುದ್ಧ ಬೀಳುತ್ತಲ್ರೀ!” ಎಂದರು ಅಧ್ಯಕ್ಷರು.

“ಗೊತ್ತು ಸರ್, ಬೀಳಲಿ. ಇದಕ್ಕೋಸ್ಕರ ಎಷ್ಟು ಒದ್ದಾಡಿದಾರೆ ಅಂತ ಬೀದಿಗೆಲ್ಲ ಗೊತ್ತು. ನನ್ನಿಂದ ಅದು ತಪ್ಪಿಹೋಗೋದು ಬೇಡ.”

ಗೊಂಬೆಯಕ್ಕನಿಗೆ ಇವನ ಮೇಲೆ ಇಷ್ಟು ವರ್ಷ ಕಾಯ್ದಿಟ್ಟ ಸಿಟ್ಟನ್ನು ಎಲ್ಲಿ ಇಡುವುದೆಂದೇ ತೋಚಲಿಲ್ಲ. ಆದರೆ ನಾಲಿಗೆ ಸುಮ್ಮನಿರಬೇಕಲ್ಲ. “ಏನೇನೂ ಸಂಬಂಧ ಇಲ್ವಾ? ಮೂಗು ಒರೆಸಿ ಒರೆಸಿ ನಿನ್ನನ್ನ ಶಾಲೆಗೆ ಎಳ್ಕೊಂಡು ಹೋದೋಳು ಯಾರೋ ಗುಂಡಾ?”

“ಎಲ್ಲರ ಮುಂದೆ ಗುಂಡ ಅನ್ಬೇಡ ಅಂತ ಎಷ್ಟು ಸಲ ಹೇಳಿದೀನಿ ಅಕ್ಕಾ!”

ಸಭೆ ಗೊಳ್ಳೆಂದಿತು. ಅಧ್ಯಕ್ಷರು ಕನ್ನಡಕ ತೆಗೆದು, ನಗು ಕಾಣದಂತೆ ಅದನ್ನು ಒರೆಸುವ ನಾಟಕ ಮಾಡಿದರು. “ಸಂಬಂಧ ಸಾಬೀತಾಯ್ತು. ಗುಂಡ ಅವರೇ, ನಿಮ್ಮ ಅಹವಾಲು ಬರೆದು ಕೊಟ್ಟಿದ್ದೀರಲ್ಲ, ನಾವೇ ಓದ್ಕೋತೀವಿ. ಅಕ್ಕ, ತಮ್ಮ ಇಬ್ಬರೂ ಹೊರಗೆ ನಡೀರಿ, ಅಲ್ಲೇ ಜಗಳ ಮುಗಿಸ್ಕೊಳ್ಳಿ.”

ಹೊರಗೆ ಉದ್ದನೆಯ ಬೆಂಚಿನ ಒಂದು ತುದಿಯಲ್ಲಿ ಅಕ್ಕ, ಇನ್ನೊಂದು ತುದಿಯಲ್ಲಿ ತಮ್ಮ, ನಡುವೆ ಚೀಲ. ಮುಚ್ಚಿದ ಬಾಗಿಲ ಹಿಂದೆ ವಾದ ಏರುತ್ತಿತ್ತು. ಒಳಗೆ ತನ್ನ ಹದಿನೈದು ವರ್ಷ ಕೈಜಾರುತ್ತಿದೆ ಎಂದು ಗೊಂಬೆಯಕ್ಕನಿಗೆ ಸಂಕಟವಾಯಿತು. ಸುಮ್ಮನೆ ಕೂರಲಾರದೆ ಚೀಲಕ್ಕೆ ಕೈ ಹಾಕಿ ಕೆಂಪು ಬಾತುಕೋಳಿಯನ್ನು ಹೊರಗೆ ತೆಗೆದಳು. ನೆಲದ ಮೇಲಿಟ್ಟು ದಾರ ಎಳೆದಳು. ಅದು ಗೇಣುದ್ದ ಉರುಳಿ, ಕತ್ತು ಸಿಕ್ಕಿಕೊಂಡು ಮಕಾಡೆ ಬಿತ್ತು.

“ಥೂ! ಕದಿಯೋದು ಕದ್ದೆ, ಸರಿಯಾಗಾದ್ರೂ ಕದಿಬಾರ್ದಿತ್ತೇನೋ?”

“ಕತ್ತಿನ ಕೆಲಸ ನೀನು ಕಲಿಸೋಕೆ ಮುಂಚೆನೇ ಓಡಿಹೋದ್ನಲ್ಲ” ಎಂದ ತಮ್ಮ, ಚಪ್ಪಲಿ ನೋಡುತ್ತ. “ಆಮೇಲೆ ಕೇಳೋಣ ಅಂದ್ರೆ ನೀನು ಆಕಾಶ ನೋಡ್ತಿದ್ದೆ.”

ಗೊಂಬೆಯಕ್ಕನಿಗೆ ನಗು ಉಕ್ಕಿ ಬಂತು. ಸೆರಗು ಸಿಕ್ಕಿಸಿ ನೆಲಕ್ಕೇ ಕೂತಳು. ತಲೆಯಿಂದ ಒಂದು ಪಿನ್ನು ಕಿತ್ತು ಕತ್ತಿನ ಮರದ ಮೊಳೆಗೆ ಒತ್ತಿದಳು. “ಬಿಗಿ ಮಾಡಿಬಿಟ್ಟಿದೀಯ. ಇಲ್ಲಿ ಸ್ವಲ್ಪ ಸಡಿಲ ಬಿಡ್ಬೇಕು ಕಣೋ. ಹಿಡ್ಕೋ ಗಟ್ಟಿಯಾಗಿ.” ಬೋಳುತಲೆಯ ತಮ್ಮ ಮಂಡಿಯೂರಿ ಬಾತುಕೋಳಿಯ ಹೊಟ್ಟೆ ಹಿಡಿದುಕೊಂಡ.

ಬಾಗಿಲು ತೆರೆಯಿತು. ಸಮಿತಿಯ ಗುಮಾಸ್ತ ಓಡೋಡಿ ಬಂದ. “ಮೇಡಂ, ತೀರ್ಮಾನ ಆಗೋಯ್ತು! ಐದೋ ಹದಿನೈದೋ, ಹೇಳ್ಲಾ?”

“ಒಂದ್ನಿಮಿಷ ತಾಳಪ್ಪ” ಎಂದರು ಇಬ್ಬರೂ ಒಟ್ಟಿಗೆ, ತಲೆ ಎತ್ತದೆ. “ಮೊದಲು ಇದು ನಡೀಲಿ.”