ಹಸಿದ ಕೌದಿ

ಈ ಕೌದಿಯನ್ನು ಬಿಸಿಲಿಗೆ ಹಾಕಿದಾಗಲೆಲ್ಲ ಪದರ ಪದರವಾಗಿ ಹೊಲಿದ ಹಳೆಯ ಸೀರೆಗಳ ಬೆಚ್ಚನೆಯ ವಾಸನೆ ಏಳುತ್ತದೆ, ಮನಸ್ಸಿನಲ್ಲಿ ನಾನು ಮತ್ತೆ ಸಿಂದಗಿಯ ಆ ಖಾಲಿ ಪ್ಲಾಟಿನಲ್ಲಿ ಕೂತಿರುತ್ತೇನೆ.

ನಮ್ಮ ಓಣಿಯ ಯಾವ ಮನೆಯಲ್ಲೂ ಕೌದಿ ಹಾಸಿ ಹೊಲಿಯುವಷ್ಟು ಜಾಗವಿರಲಿಲ್ಲ. ಹೆಂಗಸರೇ ಆ ಪ್ಲಾಟಿನ ಜಾಲಿಕಂಟಿ ಕಡಿದು, ನೆಲವನ್ನು ಸಗಣಿಯಿಂದ ಸಾರಿಸಿಕೊಂಡಿದ್ದರು. ಈ ಕೌದಿ ಹೊಲಿಯುತ್ತಿದ್ದ ದಿನ ಮಧ್ಯಾಹ್ನ ಪ್ಲಾಟಿನ ಮಾಲೀಕ, ನಮ್ಮಪ್ಪನ ವಯಸ್ಸಿನವ, ಬೇಲಿ ಹಾಕಲು ಟ್ರ್ಯಾಕ್ಟರಿನಲ್ಲಿ ಕಲ್ಲುಕಂಬ ತುಂಬಿಕೊಂಡು ಬಂದ.

"ಎತ್ರಿ ಇದನ್ನ. ನನ್ನ ಜಾಗಾ ಇದು."

ನಮ್ಮ ಆಯಿ, ಅಪ್ಪನ ತಾಯಿ, ಸೂಜಿಯಿಂದ ಕಣ್ಣೆತ್ತಲಿಲ್ಲ. "ನಿಂದ ಐತಿ ತಮ್ಮಾ, ಯಾರು ಇಲ್ಲಂದ್ರು? ಜಾಲಿ ಬೆಳದಾಗ ಎಲ್ಲಿ ಹೋಗಿದ್ದಿ? ಹೊಟ್ಟಿ ತುಂಬದ ಕೌದಿ ಎತ್ತಬಾರದು. ನಿಮ್ಮವ್ವ ಹೇಳಿಲ್ಲೇನು?"

ಹೇಳಿದ್ದಳೇನೋ. ನಮ್ಮ ಕಡೆ, ಕೊನೆಯ ಮೂಲೆಯಲ್ಲಿ ಹೋಳಿಗೆಯ ಚೂರಿಟ್ಟು ಹೊಲಿದರಷ್ಟೇ ಕೌದಿಯ ಹೊಟ್ಟೆ ತುಂಬಿದಂತೆ. ಅವನು ಟ್ರ್ಯಾಕ್ಟರಿನ ನೆರಳಿನಲ್ಲಿ ಕೂತು ಕಾದ. ಆಯಿ ಅಂದಿನಷ್ಟು ಸಣ್ಣ ಹೊಲಿಗೆ ಎಂದೂ ಹಾಕಿರಲಿಲ್ಲ.

ಹೊತ್ತು ಇಳಿದ ಮೇಲೆ ಅವಳು ಹೋಳಿಗೆ ಮುರಿದು, ಒಂದು ಚೂರನ್ನು ಮೂಲೆಗಿಟ್ಟು ಹೊಲಿದಳು. ಉಳಿದದ್ದನ್ನು ಅವನ ಕೈಗೆ ಕೊಟ್ಟಳು. ಅವನು ತಿಂದ.

"ಮುಗೀತಲ್ಲ, ಇನ್ನ ಏಳ್ರಿ."

"ನಂದು ಮುಗೀತಪ್ಪ," ಎಂದು ಆಯಿ ಕೌದಿ ಮಡಚಿದಳು. ಅಷ್ಟರಲ್ಲಿ ಪಕ್ಕದ ಮನೆಯ ಶಾಂತವ್ವ ಅದೇ ಜಾಗದಲ್ಲಿ ತನ್ನ ಹಳೆಯ ಸೀರೆಗಳನ್ನು ಹರಡಿ, ಮೊದಲ ಹೊಲಿಗೆ ಹಾಕಿಬಿಟ್ಟಿದ್ದಳು.

"ಇದೂ ಹಸದೈತ್ರಿ," ಅಂದಳು.