ಛಾಟ್ ಆದ ಹಾಡು

ಅಪ್ಪಾಸಾಬ ಕೆಂಪು ಪೆನ್ನಿನಿಂದ ನಾಟಕದ ವಹಿಯಲ್ಲಿದ್ದ ಹಾಡಿನ ಮೇಲೆ ಉದ್ದಕ್ಕೆ ಗೆರೆ ಎಳೆದ. ಎದುರು ನಿಂತಿದ್ದ ಉಜ್ವಲಾ ತನಗರಿವಿಲ್ಲದೆ ಸೆರಗಿನ ತುದಿಯನ್ನು ಬೀಡಿಯಂತೆ ಸುತ್ತತೊಡಗಿದಳು.

"ಇದೊಂದ ಬ್ಯಾಡ. ಉಳದದ್ದ ಛಲೋ ಐತಿ."

"ಸಾವ್ಕಾರ್ರ, ರಾಜಗ ಇರೂದ ಇದೊಂದ ಹಾಡ್ರಿ. ತಗದ್ರ ಅಂವ ಸುಮ್ನ ಕಿರೀಟ ಹಾಕ್ಕೊಂಡ ನಿಂದರಬೇಕಾಕ್ಕೈತಿ."

"ನಿಂದರ್ಲಿ. ರಾಜರ ಕೆಲಸಾನ ಅದು. ಹಾಡ ಇದ್ರ ನಿಮ್ಮ ತಾಲೀಮಿನ ಹಾಲಿಗೆ ಬೀಗ. ನೋಡ ಮತ್ತ."

ನಿಪ್ಪಾಣಿಯ ಬೀಡಿ ಸುತ್ತುವ ಹೆಂಗಸರೆಲ್ಲ ಕೂಡಿ ಆಡಲಿದ್ದ ಹಾಡುನಾಟಕವದು; ಬರೆದವಳು ಉಜ್ವಲಾ. ತಾಲೀಮು ನಡೆದಿದ್ದು ಅಪ್ಪಾಸಾಬನ ಹಾಲಿನಲ್ಲಿ. ಅವರಿಗೆ ಎಲೆ-ತಂಬಾಕು ಕೊಟ್ಟು ಬೀಡಿ ಒಯ್ಯುವ ಗುತ್ತೇದಾರನೂ ಅವನೇ. ನಾಟಕದಲ್ಲಿ ಗುತ್ತೇದಾರ ಬೇಡವೆಂದು ಅವನು ಮೊದಲೇ ತಕರಾರು ತೆಗೆದಾಗ ಉಜ್ವಲಾ ಗುತ್ತೇದಾರನನ್ನು ರಾಜ ಮಾಡಿದ್ದಳು. ಪ್ರಜೆಗಳು ಕಟ್ಟಿ ತಂದ ಮಾಲೆಗಳನ್ನು 'ಇದು ಸೊಟ್ಟ, ಇದು ಸಡಿಲ' ಎಂದು ಎಸೆದು, ಸಂಜೆ ಅವನ್ನೇ ಕೊರಳಿಗೆ ಹಾಕಿಕೊಳ್ಳುವ ರಾಜ. ಈಗ ಆ ಹಾಡಿಗೂ ಕತ್ತರಿ.

"ಇಟಲಿಯೊಳಗೂ ಹಿಂಗ ಆಗಿತ್ತಂತ ಬೇ," ಎಂದಳು ಮನೆಗೆ ಬಂದಮೇಲೆ, ರಾಜನ ಪಾರ್ಟು ಮಾಡುವ ಅವಳ ಮಗಳು ಕೋಮಲ. "ನೂರೈವತ್ತ ವರ್ಷದ ಹಿಂದ. ಹಾಡೋ ನಾಟಕದಾಗ ರಾಜನ್ನ ಕೊಲ್ಲಬ್ಯಾಡ್ರಿ ಅಂತ ಸರಕಾರದಾವ್ರು ಗಂಟ ಬಿದ್ರಂತ. ಕಡೀಕ ರಾಜನ್ನ ತಗದ ಗವರ್ನರ್ ಮಾಡಿದ್ರಂತ."

"ಹಾಡು?"

"ಹಾಡ ಉಳಿಸ್ಕೊಂಡ್ರಂತ."

ಉಜ್ವಲಾ ಬೀಡಿಯ ಮೊರ ಎಳೆದುಕೊಂಡಳು. ಅವತ್ತು ಅವಳ ಕೈಯಲ್ಲಿ ಒಂದು ಬೀಡಿಯೂ ನೆಟ್ಟಗೆ ಬರಲಿಲ್ಲ. ಕೂತರೆ ಏಳುವಳು, ಎದ್ದರೆ ವಹಿ ತೆರೆದು ಆ ಕೆಂಪು ಗೆರೆಯನ್ನೇ ನೋಡುವಳು. ಇಪ್ಪತ್ತು ಹೆಂಗಸರು ಬಣ್ಣ ಹಚ್ಚಿಕೊಳ್ಳಲು ಕಾದಿದ್ದರು. ಒಂದು ಹಾಡಿಗಾಗಿ ಅವರ ನಾಟಕವನ್ನೇ ಕೆಡಿಸುವುದೆ?

ಮರುದಿನ ಸುತ್ತಿದ ಬೀಡಿ ಒಪ್ಪಿಸಲು ಹೋದಾಗ ಅವಳು ನಿರ್ಧರಿಸಿಯಾಗಿತ್ತು, ಹಾಡು ಬಿಡುವುದೆಂದು. ಪಾಳಿಯಲ್ಲಿ ಅವಳ ಹಿಂದೆ ಹತ್ತಾರು ಹೆಂಗಸರು. ಅಪ್ಪಾಸಾಬ ಬೀಡಿಗಳನ್ನು ಹೊರಳಿಸಿ ನೋಡುತ್ತ, ಸರಿಯಿಲ್ಲದವನ್ನು ಪಕ್ಕದ ಬುಟ್ಟಿಗೆ ಎಸೆಯುತ್ತಿದ್ದ. ಅದಕ್ಕೆ ಛಾಟ್ ಎನ್ನುತ್ತಾರೆ. ಛಾಟ್ ಆದ ಬೀಡಿಗೆ ಕೂಲಿಯಿಲ್ಲ. ಅದು ಸುತ್ತಿದವಳ ಕೈಗೆ ಮರಳುವುದೂ ಇಲ್ಲ, ಗುತ್ತೇದಾರನಿಗೇ ಉಳಿಯುತ್ತದೆ.

ಹಾಡು ಬಿಟ್ಟೆನೆಂದು ಹೇಳಲು ಬಾಯಿ ತೆರೆದ ಉಜ್ವಲಾ ಹಾಗೇ ನಿಂತಳು.

ಕೈಯ ಲಯಕ್ಕೆ ಸರಿಯಾಗಿ ಅಪ್ಪಾಸಾಬ ಗುನುಗುತ್ತಿದ್ದ: "ಇದು ಸೊಟ್ಟ... ಇದು ಸಡಿಲ..."

ರಾಜನ ಹಾಡಿನದೇ ಧಾಟಿ. ಪಾಳಿಯಲ್ಲಿ ಯಾರೋ ಕಿಸಕ್ಕೆಂದರು. ಅವನ ಕೈ ಬುಟ್ಟಿಯ ಮೇಲೆಯೇ ನಿಂತಿತು.

"ಯಾಕ ನಿಲ್ಲಿಸಿದ್ರಿ ಸಾವ್ಕಾರ್ರ? ಹಾಡ್ರಿ," ಎಂದಳು ಉಜ್ವಲಾ. "ಛಾಟ್ ಆದ ಮಾಲು ಯಾವತ್ತಿದ್ರೂ ನಿಮ್ದ ಅಲ್ರಿ?"